ಸಿಗರೇಟು ಪೊಟ್ಟಣದ ಸಿರಿ

ಹಳೆಯ ಕಾಗದವನ್ನು ಎಸೆಯಲು ಬಿಡದವರು ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಾದರೂ ಇದ್ದೇ ಇರುತ್ತಾರೆ. ಎಂದೋ ಆಗಿಹೋದ ಮದುವೆಯ ಲಗ್ನಪತ್ರಿಕೆ, ಕ್ಯಾಲೆಂಡರಿನಿಂದ ಕತ್ತರಿಸಿದ ದೇವರ ಪಟ, ಬೆಂಕಿಪೆಟ್ಟಿಗೆಯ ಮೇಲಿನ ಹುಲಿಯ ಚಿತ್ರ, ದೂರದೇಶದ ಅಂಚೆಚೀಟಿ ಇವೆಲ್ಲ ಅವರ ಟ್ರಂಕಿನ ತಳವನ್ನು ಸೇರಿ ಭದ್ರವಾಗಿರುತ್ತವೆ. ಹಬ್ಬಕ್ಕೆ ಸುಣ್ಣ ಬಳಿಯುವ ದಿನ ಟ್ರಂಕು ಹೊರಗೆ ಬರುತ್ತದೆ. "ಈ ಕಸ ಇನ್ನೂ ಯಾಕೆ?" ಎಂದು ಮನೆಯಾಕೆ ಕೇಳುತ್ತಾಳೆ. ಸಂಗ್ರಹಕಾರನು ಉತ್ತರ ತೋಚದೆ ತಲೆ ಕೆರೆದುಕೊಳ್ಳುತ್ತಾನೆ. ಲಕ್ಷ್ಮಿಯು ಕಸಪೊರಕೆಗೆ ಹೆದರಿ ಓಡಿಹೋದ ಪ್ರಸಂಗಗಳು ಪುರಾಣದಲ್ಲಿ ಇವೆಯೋ ಇಲ್ಲವೋ, ಅಮೆರಿಕಾ ದೇಶದ ಚರಿತ್ರೆಯಲ್ಲಿ ಮಾತ್ರ ಹೇರಳವಾಗಿವೆ. ಆ ದೇಶದಲ್ಲಿ ಇಂದು ಅರವತ್ತು ಎಪ್ಪತ್ತು ದಾಟಿದ ಎಷ್ಟೋ ಗಂಡಸರು, "ನಮ್ಮ ತಾಯಿ ಅಂದು ಆ ಪೆಟ್ಟಿಗೆಯನ್ನು ಎಸೆಯದೆ ಇದ್ದಿದ್ದರೆ!" ಎಂದು ನಿಟ್ಟುಸಿರು ಬಿಡುವುದುಂಟು. ಅವರು ಕಳೆದುಕೊಂಡದ್ದು ಚಿನ್ನವಲ್ಲ, ಜಮೀನಿನ ಪತ್ರವೂ ಅಲ್ಲ. ಬೇಸ್‌ಬಾಲ್ ಆಟಗಾರರ ಚಿತ್ರವಿದ್ದ ರಟ್ಟಿನ ಚೀಟಿಗಳು.

ಬೇಸ್‌ಬಾಲ್ ಆಟವನ್ನು ನಮ್ಮ ಕ್ರಿಕೆಟ್ಟಿನ ದಾಯಾದಿಯೆಂದು ತಿಳಿದರೆ ಸದ್ಯಕ್ಕೆ ಸಾಕು. ಚೆಂಡು ಎಸೆಯುವವನೊಬ್ಬ, ಗುಂಡಾದ ದಾಂಡಿನಿಂದ ಅದನ್ನು ಹೊಡೆಯುವವನೊಬ್ಬ. ಹೊಡೆದವನು ಮೈದಾನದ ನಾಲ್ಕು ನೆಲೆಗಳನ್ನು ಸುತ್ತಿಬಂದರೆ ಒಂದು ಓಟ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಆ ದೇಶಕ್ಕೆಲ್ಲ ಇದರ ಹುಚ್ಚು ಹಿಡಿದಿತ್ತು. ಅದೇ ಕಾಲದಲ್ಲಿ ಸಿಗರೇಟು ತಯಾರಕರಿಗೆ ಒಂದು ಸಣ್ಣ ತೊಂದರೆಯಿತ್ತು. ಕಾಗದದ ಪೊಟ್ಟಣವು ಮೆದುವಾಗಿದ್ದು, ಜೇಬಿನಲ್ಲಿ ನಲುಗಿ ಒಳಗಿನ ಸಿಗರೇಟು ಮುರಿಯುತ್ತಿತ್ತು. ಪೊಟ್ಟಣಕ್ಕೆ ಆಧಾರವಾಗಲೆಂದು ಒಂದು ರಟ್ಟಿನ ತುಂಡನ್ನು ಒಳಗೆ ಇಟ್ಟರು. ಖಾಲಿ ರಟ್ಟಿಗಿಂತ ಚಿತ್ರವಿರುವ ರಟ್ಟು ಮೇಲಲ್ಲವೆ? ನಟಿಯರು, ಹಕ್ಕಿಗಳು, ರಾಜರ ಬಾವುಟಗಳು, ಸೇನಾಪತಿಗಳು, ಅವರೊಂದಿಗೆ ಬೇಸ್‌ಬಾಲ್ ಆಟಗಾರರು, ಹೀಗೆ 1880ರ ದಶಕದಲ್ಲಿ ಅಂಗೈಗಿಂತ ಚಿಕ್ಕದಾದ ಚಿತ್ರಚೀಟಿಗಳು ಸಾಲುಸಾಲಾಗಿ ಹೊರಬಂದವು. ಇಂಗ್ಲೆಂಡಿನ ಕಂಪನಿಗಳೂ ಇದೇ ಜಾಡನ್ನು ಹಿಡಿದುವು. ನಮ್ಮ ರಣಜಿತ್ ಸಿಂಹಜಿಯ ಚಿತ್ರವು ಅಲ್ಲಿನ ಸಿಗರೇಟು ಚೀಟಿಗಳಲ್ಲಿ ಕಾಣಿಸಿಕೊಂಡದ್ದು ಹೀಗೆಯೇ.

ಹೊಗೆ ಅಪ್ಪನಿಗೆ, ಚಿತ್ರ ಮಗನಿಗೆ. ಹೊಗೆಸೊಪ್ಪಿನ ಅಂಗಡಿಯ ಬಾಗಿಲಲ್ಲಿ ಹುಡುಗರು ಕಾದು ನಿಂತು, ಹೊರಬರುವ ಅಪರಿಚಿತರನ್ನು ಚೀಟಿಗಾಗಿ ಪೀಡಿಸುವುದು ಸಾಮಾನ್ಯವಾಯಿತು. ಮಗನ ಸರಣಿ ಪೂರ್ತಿಯಾಗಲೆಂದು ತನಗೆ ಹಿಡಿಸದ ಸಿಗರೇಟನ್ನು ಸೇದಿ ಕೆಮ್ಮಿದ ತಂದೆಯರೂ ಇದ್ದರು. ವ್ಯಾಪಾರಿಯ ಜಾಣ್ಮೆಯು ಮನೆಯ ಮಕ್ಕಳ ಮೂಲಕವೇ ಒಳಗೆ ಬರುತ್ತದೆ ಎಂಬುದು ಹೊಸ ಮಾತೇನೂ ಅಲ್ಲ.

ಈ ಚೀಟಿಗಳಲ್ಲಿ ಹೆಚ್ಚು ಹೆಸರಾದದ್ದು 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯು ಹಂಚಿದ ಸರಣಿ. ಐನೂರಕ್ಕೂ ಮಿಕ್ಕಿದ ಬೇರೆ ಬೇರೆ ಚೀಟಿಗಳು. ಪ್ರತಿಯೊಂದೂ ಸುಮಾರು ಒಂದೂವರೆ ಅಂಗುಲ ಅಗಲ, ಎರಡೂವರೆ ಅಂಗುಲಕ್ಕೆ ತುಸು ಹೆಚ್ಚಿನ ಉದ್ದ. ಕಲ್ಲಚ್ಚಿನ ಬಣ್ಣಗಳ ಹಿನ್ನೆಲೆಯಲ್ಲಿ ಗಂಭೀರ ಮುಖದ ತರುಣರು. ಅವರಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರನೂ ಒಬ್ಬ. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಸೀಮೆಯಲ್ಲಿ ಹುಟ್ಟಿ, ಆ ಕಾಲದ ಅಗ್ರಗಣ್ಯ ಆಟಗಾರರ ಸಾಲಿಗೆ ಸೇರಿದವನು. ತನ್ನ ಚಿತ್ರವನ್ನು ಸಿಗರೇಟಿನ ಪೊಟ್ಟಣದಲ್ಲಿ ಹಾಕಕೂಡದೆಂದು ಅವನು ಹಟ ಹಿಡಿದನು. 1912ರಲ್ಲಿ ಪತ್ರಿಕೆಯಲ್ಲಿ ಬಂದ ವೃತ್ತಾಂತವೊಂದು ಸ್ವಾರಸ್ಯವಾಗಿದೆ. ವ್ಯಾಗ್ನರನ ಒಪ್ಪಿಗೆ ದೊರಕಿಸಿಕೊಟ್ಟರೆ ಹತ್ತು ಡಾಲರ್ ಕೊಡುವುದಾಗಿ ಕಂಪನಿಯವರು ಪಿಟ್ಸ್‌ಬರ್ಗಿನ ಒಬ್ಬ ಪತ್ರಿಕಾ ಬರಹಗಾರನಿಗೆ ಹೇಳಿದ್ದರಂತೆ. ವ್ಯಾಗ್ನರನು ಒಪ್ಪಿಗೆ ನಿರಾಕರಿಸಿ ಕಾಗದ ಬರೆದನು. ಜೊತೆಗೆ, ಪಾಪ, ಬರಹಗಾರನಿಗೆ ನಷ್ಟವಾಗದಿರಲೆಂದು ಹತ್ತು ಡಾಲರಿನ ಚೆಕ್ಕನ್ನೂ ಲಗತ್ತಿಸಿದ್ದನು!

ವ್ಯಾಗ್ನರನ ನಿರಾಕರಣೆಗೆ ಕಾರಣವೇನು? ಮಕ್ಕಳು ತನ್ನ ಚಿತ್ರದ ಆಸೆಗೆ ಸಿಗರೇಟಿನ ಸಹವಾಸ ಮಾಡಬಾರದೆಂಬ ಕಳಕಳಿ ಎಂದು ಭಕ್ತರು ಹೇಳುತ್ತಾರೆ. ಹಣ ಸಾಲದೆ ಬೇಡವೆಂದನು ಎಂದು ಶಂಕಿಸುವವರು ಹೇಳುತ್ತಾರೆ. ಸ್ವತಃ ವ್ಯಾಗ್ನರನು ಹೊಗೆಸೊಪ್ಪು ಅಗಿಯುತ್ತಿದ್ದವನೇ ಎಂಬುದು ಶಂಕಿಸುವವರ ಕೈಯಲ್ಲಿರುವ ಅಸ್ತ್ರ. ಆದರೂ ಹತ್ತು ಡಾಲರನ್ನು ಕೈಯಿಂದ ಕೊಟ್ಟವನು ಹಣಕ್ಕಾಗಿ ಹಟ ಹಿಡಿದನೆಂದು ನಂಬುವುದು ಕಷ್ಟ. ಕಾರಣ ಏನೇ ಇರಲಿ, ಅಚ್ಚು ನಿಲ್ಲುವ ಮೊದಲು ಹೊರಬಿದ್ದಿದ್ದ ವ್ಯಾಗ್ನರನ ಚೀಟಿಗಳು ಬಹಳ ಕಡಮೆ. ಇಂದು ಲೋಕದಲ್ಲಿ ಇರುವುದಾಗಿ ಗೊತ್ತಿರುವುದು ಐವತ್ತು ಅರವತ್ತರಷ್ಟು ಮಾತ್ರ. 2022ರಲ್ಲಿ ಅದರ ಒಂದು ಪ್ರತಿಗೆ 72 ಲಕ್ಷದ 50 ಸಾವಿರ ಡಾಲರ್ ಬೆಲೆ ಬಂದಿತು.

ಈ ಮೊತ್ತವನ್ನು ಕೇಳಿ ಬೆರಗಾಗುವ ಮುಂಚೆ ಇನ್ನೊಬ್ಬನ ಪರಿಚಯ ಮಾಡಿಕೊಳ್ಳಬೇಕು. ಈ ಚೀಟಿಗಳಿಗೆ ಹೆಸರು, ಸಂಖ್ಯೆ, ಕುಲಗೋತ್ರಗಳನ್ನು ಕೊಟ್ಟವನು ಅವನೇ. ವ್ಯಾಗ್ನರನ ಚೀಟಿಗೆ ತನ್ನ ಪಟ್ಟಿಯಲ್ಲಿ ಅವನು ಬರೆದಿದ್ದ ಬೆಲೆ 50 ಡಾಲರ್. ಉಳಿದ ಸಾಮಾನ್ಯ ಚೀಟಿಗಳು ಕೆಲವೇ ಸೆಂಟುಗಳಿಗೆ ಸಿಕ್ಕುತ್ತಿದ್ದ ಆ ಕಾಲದಲ್ಲಿ ಐವತ್ತು ಡಾಲರೆಂದರೆ ಹುಚ್ಚು ಬೆಲೆಯೇ.

ಅವನ ಹೆಸರು ಜೆಫರ್ಸನ್ ಬರ್ಡಿಕ್. ನ್ಯೂಯಾರ್ಕ್ ಸಂಸ್ಥಾನದ ಉತ್ತರಭಾಗದಲ್ಲಿ, ಸೆಂಟ್ರಲ್ ಸ್ಕ್ವೇರ್ ಎಂಬ ಸಣ್ಣ ಊರಿನ ಒಕ್ಕಲು ಮನೆತನದಲ್ಲಿ 1900ರಲ್ಲಿ ಹುಟ್ಟಿದನು. ಎಲ್ಲ ಹುಡುಗರಂತೆ ಬಾಲ್ಯದಲ್ಲಿ ಸಿಗರೇಟು ಚೀಟಿಗಳನ್ನು ಕೂಡಿಟ್ಟನು. ಎಲ್ಲ ಹುಡುಗರಂತೆ ದೊಡ್ಡವನಾದ ಮೇಲೆ ಅವನ್ನು ಮರೆಯಲಿಲ್ಲ ಎಂಬುದೊಂದೇ ವ್ಯತ್ಯಾಸ. ಸಿರಕ್ಯೂಸ್ ನಗರದ ಕಾರ್ಖಾನೆಯೊಂದರಲ್ಲಿ ವಿದ್ಯುತ್ ಉಪಕರಣಗಳ ಬಿಡಿಭಾಗಗಳನ್ನು ಜೋಡಿಸುವುದು ಅವನ ಕೆಲಸ. ಮದುವೆಯಾಗಲಿಲ್ಲ. ಸಂಬಳ ಹೆಚ್ಚಿನದಲ್ಲ. ಇನ್ನೂ ಯೌವನ ಮುಗಿಯುವ ಮುಂಚೆಯೇ ಸಂಧಿವಾತವು ಅವನ ಕೈಬೆರಳುಗಳನ್ನೂ ಬೆನ್ನನ್ನೂ ಹಿಡಿಯಿತು. ಹಗಲೆಲ್ಲ ಕಾರ್ಖಾನೆಯ ದುಡಿಮೆ, ಇರುಳಿನಲ್ಲಿ ನೋಯುವ ಬೆರಳುಗಳಿಂದ ಚೀಟಿಗಳ ವಿಂಗಡಣೆ, ಇದೇ ಅವನ ಬಾಳು.

ಬೇಸ್‌ಬಾಲ್ ಚೀಟಿಗಳಿಗೆ ಪಿತಾಮಹನೆನಿಸಿದ ಈತನು ಬೇಸ್‌ಬಾಲ್ ಆಟದ ಅಭಿಮಾನಿಯಾಗಿರಲಿಲ್ಲ! ಅವನ ಮೋಹವೆಲ್ಲ ಅಚ್ಚಾದ ಕಾಗದದ ಮೇಲೆ. ಜನರು ಒಂದು ಕ್ಷಣ ನೋಡಿ ಬಿಸಾಡಲೆಂದೇ ಹುಟ್ಟಿದ ಕಾಗದದ ಮೇಲೆ. ಸಾಬೂನು ಮಾರುವವರ ಜಾಹಿರಾತಿನ ಚೀಟಿ, ಶುಭಾಶಯ ಪತ್ರ, ಅಂಚೆ ಕಾರ್ಡು, ಇಸ್ಪೀಟು ಎಲೆ, ಕಾಗದದ ಗೊಂಬೆ ಯಾವುದೂ ಅವನಿಗೆ ಕೀಳಲ್ಲ. ಕೊನೆಯಲ್ಲಿ ಮೂರು ಲಕ್ಷವನ್ನು ಮೀರಿದ ಅವನ ಸಂಗ್ರಹದಲ್ಲಿ ಬೇಸ್‌ಬಾಲ್ ಚೀಟಿಗಳು ಮೂವತ್ತು ಸಾವಿರದಷ್ಟು, ಅಂದರೆ ಹತ್ತರಲ್ಲೊಂದು ಪಾಲು.

ಕೂಡಿಡುವವರು ಲೋಕದಲ್ಲಿ ಎಷ್ಟೋ ಮಂದಿ. ಕೂಡಿಟ್ಟದ್ದನ್ನು ಟ್ರಂಕಿಗೆ ಹಾಕಿ ಬೀಗ ಜಡಿಯುವವರೇ ಅವರಲ್ಲಿ ಹೆಚ್ಚು. ಬರ್ಡಿಕ್ಕನ ರೀತಿ ಬೇರೆ. 1930ರ ದಶಕದಲ್ಲಿ ಚೀಟಿ ಸಂಗ್ರಹಿಸುತ್ತಿದ್ದ ವಯಸ್ಕರು ಅಮೆರಿಕಾದಲ್ಲಿ ಚೆದುರಿಹೋಗಿದ್ದರು. ಒಬ್ಬನು ಒಂದು ಊರಿನಲ್ಲಿ, ಇನ್ನೊಬ್ಬನು ಸಾವಿರ ಮೈಲಿಯಾಚೆ. ಪ್ರತಿಯೊಬ್ಬನೂ, ಮಕ್ಕಳಾಟಿಕೆಯೆಂದು ನೆರೆಯವರು ನಕ್ಕಾರೆಂದು ನಾಚಿ, ಲೋಕದಲ್ಲಿ ಈ ಹುಚ್ಚು ತನಗೊಬ್ಬನಿಗೇ ಇರಬೇಕೆಂದು ಭಾವಿಸಿದ್ದವನು. ಯಾವ ಸರಣಿಯಲ್ಲಿ ಎಷ್ಟು ಚೀಟಿಗಳಿವೆ, ಯಾವ ವರ್ಷ ಹೊರಟವು, ತನ್ನಲ್ಲಿರುವುದು ಪೂರ್ತಿಯೋ ಅರ್ಧವೋ ಎಂಬುದನ್ನು ಹೇಳುವ ಒಂದು ಪುಸ್ತಕವೂ ಇರಲಿಲ್ಲ. ಬರ್ಡಿಕ್ಕನು 1937ರಲ್ಲಿ ಒಂದು ಪುಟ್ಟ ಪತ್ರಿಕೆಯನ್ನು ಹೊರಡಿಸಿ ಅವರನ್ನೆಲ್ಲ ಅಂಚೆಯ ದಾರದಲ್ಲಿ ಪೋಣಿಸಿದನು. ಅದರ ಹೆಸರು 'ಕಾರ್ಡ್ ಕಲೆಕ್ಟರ್ಸ್ ಬುಲೆಟಿನ್'. ಅವರವರಲ್ಲಿರುವ ಚೀಟಿಗಳ ವಿವರಗಳು ಸಿರಕ್ಯೂಸಿಗೆ ಬಂದವು. ಬಿಟ್ಟುಹೋದ ಸಂಖ್ಯೆಗಳು ತುಂಬಿಕೊಂಡವು. ನಮ್ಮ ಹುಡುಗರು ಶಾಲೆಯ ಜಗಲಿಯಲ್ಲಿ ಅಂಚೆಚೀಟಿಗಳನ್ನು ಹರಡಿಕೊಂಡು "ಇದು ಡೂಪ್ಲಿಕೇಟ್ ಇದೆಯಾ? ಬದಲಿಗೆ ಇದನ್ನು ಕೊಡುತ್ತೇನೆ" ಎಂದು ನಡೆಸುವ ವ್ಯವಹಾರವನ್ನೇ ಈ ನೆರೆಗೂದಲಿನವರು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಸಿದರು.

1939ರಲ್ಲಿ ಅವನ ಮೊದಲ ಪಟ್ಟಿ ಪುಸ್ತಕರೂಪದಲ್ಲಿ ಬಂದಿತು. ತಿದ್ದುತ್ತ, ಬೆಳಸುತ್ತ ಹೋಗಿ 1960ರಲ್ಲಿ ಕೊನೆಯ ಪರಿಷ್ಕರಣ ಹೊರಬಿತ್ತು. ವ್ಯಾಕರಣಕಾರನು ಧಾತುಗಳನ್ನು ಗಣಗಳಾಗಿ ವಿಂಗಡಿಸುವಂತೆ ಅವನು ಈ ಕಾಗದದ ಪ್ರಪಂಚವನ್ನು ವಿಂಗಡಿಸಿದನು. ಹತ್ತೊಂಬತ್ತನೆಯ ಶತಮಾನದ ಹೊಗೆಸೊಪ್ಪಿನ ಚೀಟಿಗಳಿಗೆ 'ಎನ್', ಇಪ್ಪತ್ತನೆಯ ಶತಮಾನದವಕ್ಕೆ 'ಟಿ', ಹಳೆಯ ಮಿಠಾಯಿ ಚೀಟಿಗಳಿಗೆ 'ಇ', ಈಚಿನ ಮಿಠಾಯಿ ಮತ್ತು ಗಮ್ ಚೀಟಿಗಳಿಗೆ 'ಆರ್', ಬ್ರೆಡ್ಡಿನ ಜೊತೆ ಬಂದವಕ್ಕೆ 'ಡಿ'. ಅಕ್ಷರದ ಮುಂದೆ ಒಂದು ಸಂಖ್ಯೆ. ವ್ಯಾಗ್ನರನಿರುವ ಸರಣಿಗೆ ಬಂದದ್ದು 'ಟಿ 206'. ಇಂದಿಗೂ ಲಕ್ಷಾಂತರ ಡಾಲರಿನ ಹರಾಜಿನಲ್ಲಿ ಕೂಗುವುದು ಈ ಹೆಸರನ್ನೇ. ಕಾರ್ಖಾನೆಯ ಕೆಲಸಗಾರನೊಬ್ಬನು ರಾತ್ರಿ ತನ್ನ ಕೋಣೆಯಲ್ಲಿ ಕುಳಿತು ಇಟ್ಟ ಹೆಸರು ಎಂಬುದು ಕೂಗುವವರಲ್ಲಿ ಎಷ್ಟು ಮಂದಿಗೆ ನೆನಪಿರುತ್ತದೋ!

ಬರ್ಡಿಕ್ಕನು ಪಟ್ಟಿ ಮಾಡುತ್ತಿದ್ದ ಕಾಲದಲ್ಲಿಯೇ ಚೀಟಿಯು ಸಿಗರೇಟನ್ನು ಬಿಟ್ಟು ಅಗಿಯುವ ಗಮ್ಮಿನ ಸಂಗಡ ಸೇರಿ ನೇರವಾಗಿ ಮಕ್ಕಳ ಕೈಗೆ ಬಂದಿತ್ತು. 1933ರಲ್ಲಿ ಗೌಡಿ ಎಂಬ ಕಂಪನಿಯವರು 240 ಸಂಖ್ಯೆಗಳ ಒಂದು ಸರಣಿಯನ್ನು ಹೊರಡಿಸಿದರು. ಹುಡುಗರು ಕಾಸು ಕೂಡಿಸಿ ಗಮ್ ಕೊಂಡರು, ಕೊಂಡರು, ಮತ್ತೆ ಕೊಂಡರು. 106ನೆಯ ಸಂಖ್ಯೆ ಮಾತ್ರ ಯಾರಿಗೂ ಸಿಕ್ಕಲಿಲ್ಲ. ಸಿಕ್ಕುವುದಾದರೂ ಹೇಗೆ? ಅದನ್ನು ಆ ವರ್ಷ ಅಚ್ಚು ಹಾಕಿಯೇ ಇರಲಿಲ್ಲ. ಬಾಲಕರು ಮೋಸ ಹೋದದ್ದನ್ನು ಸುಮ್ಮನೆ ನುಂಗಿಕೊಳ್ಳದೆ ಕಂಪನಿಗೆ ಕಾಗದಗಳನ್ನು ಬರೆದರು. 1934ರಲ್ಲಿ ಕಂಪನಿಯವರು ನ್ಯಾಪ್ ಲಾಜ್ವೇ ಎಂಬ ಹಿಂದಿನ ತಲೆಮಾರಿನ ಆಟಗಾರನ ಚಿತ್ರಕ್ಕೆ 106ರ ಸಂಖ್ಯೆಯನ್ನು ಕೊಟ್ಟು ಅಚ್ಚು ಹಾಕಿಸಿ, ಕಾಗದ ಬರೆದವರಿಗೆ ಅಂಚೆಯಲ್ಲಿ ಕಳುಹಿಸಿದರು. ದೂರು ಬರೆಯುವ ಶ್ರದ್ಧೆಯಿದ್ದ ಮಕ್ಕಳಿಗೆ ಮಾತ್ರ ದೊರೆತ ಆ ಚೀಟಿಯು ಇಂದು ಅತ್ಯಂತ ವಿರಳವಾದವುಗಳಲ್ಲಿ ಒಂದು.

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಮನೆಮನೆಯಿಂದ ಹಳೆಯ ಕಾಗದವನ್ನು ಎತ್ತುವ ಚಳವಳಿ ನಡೆದು, ಎಷ್ಟೋ ಚೀಟಿಗಳು ತಿರುಳಾಗಿಹೋದವು. ಉಳಿದವನ್ನು ಹುಡುಗರು ಗೋಡೆಗೆ ಎಸೆದು ಆಡಿದರು. ಸೈಕಲ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸಿದರು. ಅದು ತಪ್ಪೆನ್ನಲು ಯಾರಿಗೆ ಬಾಯಿ? ಆಟದ ಚೀಟಿ ಆಟಕ್ಕೇ ಅಲ್ಲವೆ! ತಯಾರಿಸಿದವರಿಗೂ ಅದರ ಬೆಲೆ ತಿಳಿದಿರಲಿಲ್ಲ. ಬ್ರೂಕ್ಲಿನ್ನಿನ ಟಾಪ್ಸ್ ಕಂಪನಿಯ ಸೈ ಬರ್ಜರನು ತನ್ನ ಮನೆಯ ಅಡಿಗೆಮನೆಯ ಮೇಜಿನ ಮೇಲೆ ರೂಪಿಸಿದ 1952ರ ಸರಣಿ ಬಹು ಪ್ರಸಿದ್ಧ. ಅದರ ಕೊನೆಯ ಕಂತು, 311ರಿಂದ 407ರವರೆಗಿನದು, ಆಟದ ಋತು ಮುಗಿಯುತ್ತ ಬಂದಾಗ ಅಂಗಡಿ ಸೇರಿತು. ಮಕ್ಕಳ ಮನಸ್ಸು ಅಷ್ಟು ಹೊತ್ತಿಗೆ ಬೇರೆ ಆಟಗಳತ್ತ ತಿರುಗಿತ್ತು. ಮಾರಾಟವಾಗದ ಪೆಟ್ಟಿಗೆಗಳು ವರ್ಷಗಟ್ಟಲೆ ಉಗ್ರಾಣದಲ್ಲಿ ಜಾಗ ತಿಂದವು. ಬರ್ಜರನೇ ಮುಂದೆ ಹೇಳಿದಂತೆ, 1960ರಲ್ಲಿ ಅವನು ಅವನ್ನೆಲ್ಲ ದೋಣಿಗೆ ತುಂಬಿಸಿ ನ್ಯೂಜೆರ್ಸಿಯ ಕರಾವಳಿಯಾಚೆ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದನು. ಆ ಕಂತಿನ ಮೊದಲ ಚೀಟಿಯೇ, 311ನೆಯದು, ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನದು. 2022ರಲ್ಲಿ ಅದರ ಒಂದು ಪ್ರತಿಯು ಒಂದು ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ರತ್ನಾಕರನೆಂಬ ಹೆಸರು ಅಟ್ಲಾಂಟಿಕ್ಕಿಗೂ ಒಪ್ಪುವುದಾದರೆ ಈ ಕಾರಣಕ್ಕಾಗಿಯೇ ಒಪ್ಪಬೇಕು.

ಹಣ ಬಂದಲ್ಲಿ ಅದರ ನೆರಳೂ ಬರುತ್ತದೆ. 1991ರಲ್ಲಿ ಒಂದು ಸ್ವತಂತ್ರ ಸಂಸ್ಥೆಯು ಚೀಟಿಗಳ ಸ್ಥಿತಿಗತಿಯನ್ನು ಪರೀಕ್ಷಿಸಿ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿಕೊಡುವ ಪದ್ಧತಿಯನ್ನು ತಂದಿತು. ಅದು ಮೊದಲು ಅಂಕ ಕೊಟ್ಟದ್ದು ಒಂದು ವ್ಯಾಗ್ನರ್ ಚೀಟಿಗೆ, ಹತ್ತಕ್ಕೆ ಎಂಟು. ಅಷ್ಟು ಚೊಕ್ಕಟವಾದ ವ್ಯಾಗ್ನರ್ ಚೀಟಿ ಇನ್ನೊಂದಿಲ್ಲವೆಂದು ಅದಕ್ಕೆ ಖ್ಯಾತಿ ಬಂದಿತು. ಅದರ ಅಂಚುಗಳನ್ನು ಕತ್ತರಿಸಿ ಚೂಪು ಮಾಡಲಾಗಿತ್ತೆಂದು 2013ರಲ್ಲಿ, ಕತ್ತರಿಸಿದವನ ಬಾಯಿಂದಲೇ, ನ್ಯಾಯಾಲಯದ ಮುಂದೆ ಹೊರಬಿತ್ತು. ಪರೀಕ್ಷೆಯಲ್ಲಿ ಅಂಕ ಗಳಿಸುವ ವಿದ್ಯೆಯು ವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂದು ತೋರುತ್ತದೆ.

ಹೀಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಾದೀತು. 2012ರಲ್ಲಿ ಓಹಾಯೋ ಸಂಸ್ಥಾನದ ಡಿಫಯನ್ಸ್ ಎಂಬ ಊರಿನಲ್ಲಿ ಒಂದು ಕುಟುಂಬದವರು, ತೀರಿಕೊಂಡ ಚಿಕ್ಕಮ್ಮನ ಮನೆಯನ್ನು ತೆರವು ಮಾಡುತ್ತಿದ್ದರು. ಅಟ್ಟದ ಮೇಲೆ ಧೂಳು ಹಿಡಿದ ರಟ್ಟಿನ ಪೆಟ್ಟಿಗೆ. ಅದರೊಳಗೆ ದಾರದಿಂದ ಕಟ್ಟಿದ ಚೀಟಿಗಳ ಕಟ್ಟುಗಳು. ಮಾಂಸದ ಅಂಗಡಿಯಿಟ್ಟಿದ್ದ ಅಜ್ಜನು 1910ರ ಸುಮಾರಿನಲ್ಲಿ ತಂದಿಟ್ಟು ಮರೆತದ್ದು. ನೂರು ವರ್ಷ ಬಿಸಿಲು ಕಾಣದೆ ಹೊಚ್ಚಹೊಸದಾಗಿಯೇ ಉಳಿದಿದ್ದ ಸುಮಾರು ಏಳುನೂರು ಚೀಟಿಗಳು! ಅಜ್ಜನ ಮೊಮ್ಮಕ್ಕಳು ಇಪ್ಪತ್ತು ಮಂದಿ. ಇಂತಹ ಸಂದರ್ಭದಲ್ಲಿ ವಕೀಲರ ಮನೆಯ ಮೆಟ್ಟಲು ಸವೆಯುವುದನ್ನು ಎಲ್ಲ ಊರಿನವರೂ ಕಂಡಿದ್ದಾರೆ. ಅವರು ಮಾತ್ರ ಅಜ್ಜನ ಆಸ್ತಿಯನ್ನು ತಮ್ಮೊಳಗೆ ಸಮನಾಗಿ ಹಂಚಿಕೊಂಡರು. 1980ರಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭವಾದ ಸಂಗ್ರಹಕಾರರ ರಾಷ್ಟ್ರೀಯ ಸಮ್ಮೇಳನದ ಆ ವರ್ಷದ ಅಧಿವೇಶನದಲ್ಲಿ ಅವುಗಳಲ್ಲಿ ಮೂವತ್ತೇಳು ಚೀಟಿಗಳು ಹರಾಜಾಗಿ ಐದೂವರೆ ಲಕ್ಷ ಡಾಲರಿಗೆ ಮೀರಿದ ಹಣ ಬಂದಿತು. ಆ ಸಮ್ಮೇಳನಕ್ಕೆ ಬರುವವರಲ್ಲಿ ಲಕ್ಷಾಧೀಶ್ವರರಿರುವಂತೆ, ಅಪ್ಪನ ಕೈ ಹಿಡಿದು ಬಂದು ಒಂದು ಡಾಲರಿನ ಪೆಟ್ಟಿಗೆಯನ್ನು ತಡಕುವ ಮಕ್ಕಳೂ ಇರುತ್ತಾರೆ.

ಈಗ ಮತ್ತೆ ಬರ್ಡಿಕ್ಕನ ಕಡೆಗೆ. ಮಕ್ಕಳಿಲ್ಲದವನು, ಕಾಯಿಲೆಯು ಬೆಳೆಯುತ್ತಿತ್ತು. ತಾನು ಸತ್ತರೆ ಈ ಮೂರು ಲಕ್ಷ ಚೀಟಿಗಳ ಗತಿಯೇನು? ಮಾರಬಹುದಾಗಿತ್ತು. ಆದರೆ ಮಾರಿದರೆ ಚೆದುರುತ್ತವೆ. ಚೆದುರಿದ್ದನ್ನು ಕೂಡಿಸುವುದಕ್ಕೇ ಅವನು ಜೀವಮಾನವನ್ನು ಸವೆಸಿದ್ದನು. 1947ರಲ್ಲಿ ಅವನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ತನ್ನದೆಲ್ಲವನ್ನೂ ಕಾಣಿಕೆಯಾಗಿ ಕೊಡಲು ಮುಂದಾದನು. ಡ್ಯೂರರ್, ರೆಂಬ್ರಾಂಟ್ ಮೊದಲಾದ ಮಹಾಕಲಾವಿದರ ಅಚ್ಚುಚಿತ್ರಗಳನ್ನು ಕಾಪಾಡುವ ವಿಭಾಗ ಅದು. ಅಲ್ಲಿಯ ಮುಖ್ಯಸ್ಥ ಹಯಾಟ್ ಮೇಯರನು ದೊಡ್ಡ ಮನಸ್ಸಿನ ವಿದ್ವಾಂಸ. ಗಮ್ಮಿನ ಚೀಟಿಯೆಂದು ಮೂಗು ಮುರಿಯಲಿಲ್ಲ. ಕಾಣಿಕೆಯನ್ನು ಒಪ್ಪಿದನು. ಆದರೆ ವಿಂಗಡಿಸಿ, ಪುಸ್ತಕಗಳಿಗೆ ಅಂಟಿಸಿ, ಕ್ರಮಪಡಿಸುವ ಹೊಣೆ ಬರ್ಡಿಕ್ಕನ ಮೇಲೆಯೇ ಬಿದ್ದಿತು. ಆ ಕೆಲಸ ಅವನಲ್ಲದೆ ಇನ್ನಾರಿಂದ ತಾನೆ ಸಾಧ್ಯವಿತ್ತು!

ಮೊದಮೊದಲು ಅವನು ಸಿರಕ್ಯೂಸಿನಿಂದ ಸುಮಾರು ಇನ್ನೂರೈವತ್ತು ಮೈಲಿ ಪ್ರಯಾಣ ಮಾಡಿ ಬಂದುಹೋಗುತ್ತಿದ್ದನು. 1959ರಲ್ಲಿ ಕಾರ್ಖಾನೆಯ ಕೆಲಸ ದೇಹಕ್ಕೆ ಮೀರಿದಾಗ ಅದನ್ನು ಬಿಟ್ಟು ನ್ಯೂಯಾರ್ಕಿಗೇ ಬಂದು ನೆಲೆಸಿದನು. ಸಂಗ್ರಹಾಲಯದ ಓದುವ ಕೋಣೆಯ ಮೂಲೆಯಲ್ಲಿ ಅವನಿಗೊಂದು ಪುಟ್ಟ ಓಕ್ ಮರದ ಮೇಜನ್ನು ಕೊಟ್ಟರು. ಬಾಗಿದ ಬೆನ್ನು, ಸೊಟ್ಟಗಾದ ಬೆರಳುಗಳು. ಕೋಟನ್ನು ತೊಡುವುದೇ ಒಂದು ಸಾಹಸ. ಆ ಬೆರಳುಗಳಿಂದಲೇ ಒಂದೊಂದಾಗಿ ಚೀಟಿಯನ್ನೆತ್ತಿ, ಹಿಂದೆ ಗೋಂದು ಸವರಿ, ಸಾಲು ಓರೆಯಾಗದಂತೆ ಅಂಟಿಸಬೇಕು. ಮೂರು ಲಕ್ಷ ಸಲ! ದೇಹ ಮೊದಲು ಮುಗಿಯುವುದೋ ಕೆಲಸ ಮೊದಲು ಮುಗಿಯುವುದೋ ಎಂಬ ಪಂದ್ಯವನ್ನು ಆ ಕೋಣೆಯವರು ದಿನವೂ ಮೌನವಾಗಿ ನೋಡುತ್ತಿದ್ದರು.

ಇಂದಿನ ಸಂಗ್ರಹಕಾರರಲ್ಲಿ ಕೆಲವರಿಗೆ ಆ ಗೋಂದು ಎದೆಗೆ ಚುಚ್ಚಿದಂತಾಗುತ್ತದೆ. ಬೆನ್ನಿಗೆ ಅಂಟು ಹತ್ತಿದ ಚೀಟಿಗೆ ಪೇಟೆಯಲ್ಲಿ ಬೆಲೆ ಬೀಳುತ್ತದೆಯಷ್ಟೆ. ಲಕ್ಷಾಂತರ ಡಾಲರಿನ ವ್ಯಾಗ್ನರನಿಗೂ ಗೋಂದೇ! ಬರ್ಡಿಕ್ಕನಿಗೆ ಬೇಕಾಗಿದ್ದುದು ಅದೇ ಇರಬೇಕು. ಅವನು ಅವನ್ನು ಪೇಟೆಗೆ ಮರಳಿ ಹೋಗಲೆಂದು ಅಂಟಿಸಲಿಲ್ಲ. ತನ್ನ ತಂಡದವರ, ಎದುರಾಳಿಗಳ ನಡುವೆ, ತನ್ನ ಸರಣಿಯಲ್ಲಿ ತನಗೆ ಸಲ್ಲುವ ಜಾಗದಲ್ಲಿ ವ್ಯಾಗ್ನರನು ನಿಲ್ಲಲೆಂದು ಅಂಟಿಸಿದನು.

1963ನೆಯ ಜನವರಿ 10ನೆಯ ತಾರೀಖಿನ ಸಾಯಂಕಾಲ ಕೊನೆಯ ಚೀಟಿ ಕೊನೆಯ ಪುಟವನ್ನು ಸೇರಿತು. ಬರ್ಡಿಕ್ಕನು ಎದ್ದು ನಿಂತು, ಬಹಳ ಪ್ರಯಾಸದಿಂದ ಮೇಲಂಗಿಯೊಳಗೆ ತೋಳುಗಳನ್ನು ತೂರಿಸಿದನು. ಇನ್ನು ತಾನು ಬರುವುದಿಲ್ಲವೆಂದು ಕೋಣೆಯಲ್ಲಿದ್ದವರಿಗೆ ತಿಳಿಸಿದನು. ಮರುದಿನ ತಾನಾಗಿಯೇ ಹೋಗಿ ಆಸ್ಪತ್ರೆಯನ್ನು ಸೇರಿದನು. ಮಾರ್ಚ್ 13ರಂದು ತೀರಿಕೊಂಡನು. ಮೂಲೆಯ ಪುಟ್ಟ ಮೇಜಿನ ಮೇಲೆ ಅಂಟಿಸಬೇಕಾದ ಚೀಟಿ ಒಂದೂ ಉಳಿದಿರಲಿಲ್ಲ.